ಗೆದ್ದೆತ್ತಿನ ಬಾಲ ಹಿಡಿಯುವ ಮುನ್ನ

ರೈಲ್ವೆ ಗೇಟು ಹಾಕಿದೆ. ದೂರದಿಂದ ರೈಲಿನ ಸದ್ದು ಕೇಳುತ್ತಿದೆ. ಒಬ್ಬ ಗೇಟಿನ ಕೆಳಗೆ ನುಸುಳಿ, ಓಡಿ, ಹಳಿ ದಾಟಿಬಿಟ್ಟ. ಏನೂ ಆಗಲಿಲ್ಲ. ಐದು ನಿಮಿಷ ಮೊದಲೇ ಕೆಲಸಕ್ಕೆ ತಲುಪಿದ. ಅವನು ತೆಗೆದುಕೊಂಡ ನಿರ್ಧಾರ ಸರಿಯಿತ್ತೇ?

ಸರಿ ಎಂದು ಯಾರೂ ಹೇಳುವುದಿಲ್ಲ. ಉಳಿದುಕೊಂಡಿದ್ದು ಅವನ ಅದೃಷ್ಟ ಅನ್ನುತ್ತೇವೆ. ಅವನು ಮಾಡಿದ ಆಯ್ಕೆ ಒಂದು, ಆಮೇಲೆ ಆದದ್ದು ಇನ್ನೊಂದು ಎಂದು ಇಲ್ಲಿ ನಮಗೆ ಸ್ಪಷ್ಟವಾಗಿ ಕಾಣುತ್ತದೆ.

ಈಗ ವ್ಯಾಪಾರದ ಕಡೆ ನೋಡಿ. ಒಬ್ಬ ಇದ್ದಬದ್ದ ಉಳಿತಾಯವನ್ನೆಲ್ಲ ಒಂದೇ ಕಡೆ ಹಾಕಿ ಗೆದ್ದ. ಅವನಿಗೆ ಎಂಥ ದೂರದೃಷ್ಟಿ ಎಂದು ಹೊಗಳಿ ವೇದಿಕೆ ಹತ್ತಿಸುತ್ತೇವೆ. ಇನ್ನೊಬ್ಬ ಅದನ್ನೇ ಮಾಡಿ ಸೋತ. ಅವನಿಗೆ ತಲೆಯೇ ಇಲ್ಲ ಅನ್ನುತ್ತೇವೆ. ಇಬ್ಬರಿಗೂ ಗೊತ್ತಿದ್ದ ವಿಷಯ ಒಂದೇ, ಹಾಕಿದ ಲೆಕ್ಕ ಒಂದೇ, ಧೈರ್ಯವೂ ಒಂದೇ. ಕೊನೆಗೆ ಬಂದ ಫಲ ಮಾತ್ರ ಬೇರೆ. ಗೆದ್ದೆತ್ತಿನ ಬಾಲ ಹಿಡಿಯುವುದು ಎಂಬ ಮಾತು ಸುಮ್ನೆ ಹುಟ್ಟಿಲ್ಲ, ಅಲ್ವಾ?

ನಾಯಕತ್ವ, ಸೋಲು, ನಿರ್ಧಾರ ಈ ಮೂರರ ಬಗ್ಗೆ ನಾವು ಕೇಳುವ ಸಲಹೆಗಳಲ್ಲಿ ಹೆಚ್ಚಿನವು ಇದೇ ಗೊಂದಲದ ಮೇಲೆ ನಿಂತಿವೆ ಎಂದು ನನಗೆ ಅನ್ನಿಸುತ್ತದೆ. ಗೆದ್ದವರು ಏನು ಮಾಡಿದರೋ ಅದನ್ನು ಮಾಡಿ, ಸೋತವರು ಏನು ಮಾಡಿದರೋ ಅದನ್ನು ಬಿಡಿ ಅನ್ನುತ್ತವೆ. ನಿರ್ಧಾರವನ್ನೂ ಅದರ ಫಲವನ್ನೂ ಬಿಡಿಸಿ ನೋಡುವುದು ಅಭ್ಯಾಸವಾದರೆ, ಸೋಲು ಬೇರೆ ರೀತಿ ಕಾಣತೊಡಗುತ್ತದೆ. ನಾಯಕನ ಕೆಲಸವೂ ಬೇರೆ ರೀತಿ ಕಾಣತೊಡಗುತ್ತದೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1988ರಲ್ಲಿ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಅಮೆರಿಕದ ಸಂಶೋಧಕರು ಜನರಿಗೆ ವೈದ್ಯರೊಬ್ಬರ ನಿರ್ಧಾರದ ಕಥೆ ಕೊಟ್ಟರು. ರೋಗಿಗೆ ಹೃದಯದ ತೊಂದರೆ. ಆಪರೇಷನ್ ಮಾಡಿದರೆ ಹೆಚ್ಚು ಕಾಲ ಬದುಕಬಹುದು. ಆದರೆ ಆಪರೇಷನ್ನಿನಲ್ಲೇ ಸಾಯುವ ಸಾಧ್ಯತೆಯೂ ಸ್ವಲ್ಪ ಇದೆ. ವೈದ್ಯರು ಆಪರೇಷನ್ ಮಾಡುವುದೆಂದು ನಿರ್ಧರಿಸಿದರು. ಕಥೆಯ ವಿವರ ಎಲ್ಲ ಒಂದೇ, ಕೊನೆಯ ಸಾಲು ಮಾತ್ರ ಬೇರೆ. ಒಂದರಲ್ಲಿ ರೋಗಿ ಉಳಿದ, ಇನ್ನೊಂದರಲ್ಲಿ ತೀರಿಕೊಂಡ. ರೋಗಿ ಉಳಿದ ಎಂದು ಓದಿದಾಗ ಜನ ವೈದ್ಯರ ನಿರ್ಧಾರಕ್ಕೆ ಜಾಸ್ತಿ ಅಂಕ ಕೊಟ್ಟರು. ಫಲ ನೋಡಿ ನಿರ್ಧಾರವನ್ನು ಅಳೆಯಬಾರದು ಎಂದು ಅವರೇ ಹೇಳುತ್ತಿದ್ದರು. ಹೇಳುತ್ತಲೇ ಹಾಗೆ ಅಳೆದರು.

ಹಾಗಂತ ಫಲಕ್ಕೆ ಬೆಲೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಒಂದೇ ರೀತಿ ಯೋಚಿಸಿ ನೂರು ನಿರ್ಧಾರ ತೆಗೆದುಕೊಂಡು ಎಂಬತ್ತರಲ್ಲಿ ಸೋತರೆ, ಯೋಚನೆಯಲ್ಲೇ ಏನೋ ಕೊರತೆ ಇದೆ ಎಂದು ಅರ್ಥ. ಆದರೆ ಬದುಕಿನ ದೊಡ್ಡ ನಿರ್ಧಾರಗಳು ನೂರು ಸಲ ಬರುವುದಿಲ್ಲ. ಯಾವ ಕೆಲಸಕ್ಕೆ ಸೇರಬೇಕು, ಯಾರ ಜೊತೆ ಪಾಲುದಾರಿಕೆ ಮಾಡಬೇಕು, ಇರುವ ವ್ಯವಹಾರ ಮುಚ್ಚಬೇಕೋ ಬೇಡವೋ, ಇವೆಲ್ಲ ಒಂದೆರಡು ಸಲ ಬರುವಂಥವು. ಒಂದೇ ಒಂದು ಫಲದಿಂದ ಪಾಠ ಕಲಿಯಲು ಹೋದರೆ ತಪ್ಪು ಪಾಠ ಕಲಿಯುವ ಸಾಧ್ಯತೆ ತುಂಬಾ ಇರುತ್ತದೆ.

ಅದರಲ್ಲೂ ಜಾಸ್ತಿ ಅಪಾಯ ಇರುವುದು ಕೆಟ್ಟ ನಿರ್ಧಾರಕ್ಕೆ ಒಳ್ಳೆಯ ಫಲ ಬಂದಾಗ. ಕೆಟ್ಟ ನಿರ್ಧಾರಕ್ಕೆ ಕೆಟ್ಟ ಫಲ ಬಂದರೆ ಕನಿಷ್ಠ ಎಚ್ಚರವಾಗುತ್ತದೆ. ಒಳ್ಳೆಯ ಫಲ ಬಂದರೆ ಅದೇ ದಾರಿ ಸರಿ ಅನ್ನಿಸಿಬಿಡುತ್ತದೆ. ಹಳಿ ದಾಟಿದವನು ನಾಳೆಯೂ ದಾಟುತ್ತಾನೆ.

ಏನೂ ಆಗಲಿಲ್ಲ ಎಂಬ ಪಾಠ

1986ರ ಜನವರಿ 28. ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ನೆಲ ಬಿಟ್ಟ 73 ಸೆಕೆಂಡಿಗೆ ಆಕಾಶದಲ್ಲಿ ಛಿದ್ರವಾಯಿತು. ಒಳಗಿದ್ದ 7 ಜನ ಸತ್ತರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ. ಈ ದುರಂತದ ಕಥೆ ಹಲವರಿಗೆ ಗೊತ್ತು. ಆದರೆ ಹಿಂದಿನ ರಾತ್ರಿ ನಡೆದ ಮಾತುಕತೆಯನ್ನು ನಿಧಾನವಾಗಿ ನೋಡಬೇಕು.

ನೌಕೆಯ ಪಕ್ಕದಲ್ಲಿ ಎರಡು ದೊಡ್ಡ ರಾಕೆಟ್‌ಗಳಿದ್ದವು. ಒಂದೊಂದನ್ನೂ ತುಂಡುತುಂಡಾಗಿ ಮಾಡಿ ಜೋಡಿಸಿದ್ದರು. ಜೋಡಣೆಯ ಸಂದಿನಿಂದ ಬಿಸಿ ಅನಿಲ ಹೊರಗೆ ಬರದಂತೆ ರಬ್ಬರಿನ ಬಳೆಗಳನ್ನು ಕೂರಿಸಿದ್ದರು. ಅವಕ್ಕೆ ಓ-ರಿಂಗ್ ಎನ್ನುತ್ತಾರೆ. ಚಳಿಗೆ ರಬ್ಬರ್ ಬಿರುಸಾಗುತ್ತದೆ, ಬೇಗ ಹಿಗ್ಗಿ ಸಂದು ಮುಚ್ಚುವುದಿಲ್ಲ. ಮಾರನೆಯ ಬೆಳಗ್ಗೆ ವಿಪರೀತ ಚಳಿ ಇರುತ್ತದೆ ಎಂದು ಮುನ್ಸೂಚನೆ ಬಂದಿತ್ತು. ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಇಂಜಿನಿಯರುಗಳು ಫೋನಿನಲ್ಲಿ ನಾಸಾದವರಿಗೆ ಹೇಳಿದರು: ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಹಾರಿಸಬೇಡಿ.

ನಾಸಾದವರು ಪುರಾವೆ ಕೇಳಿದರು. ಹಿಂದೆ ಓ-ರಿಂಗಿಗೆ ಹಾನಿಯಾಗಿದ್ದ ಹಾರಾಟಗಳ ಪಟ್ಟಿ ಇತ್ತು. ಅಂಥವು ಏಳು. ಅವುಗಳಲ್ಲಿ ಕೆಲವು ಚಳಿಯಲ್ಲಿ ಆಗಿದ್ದವು, ಕೆಲವು ಬೆಚ್ಚಗಿನ ದಿನಗಳಲ್ಲೂ ಆಗಿದ್ದವು. ಅಷ್ಟನ್ನೇ ನೋಡಿದರೆ ಚಳಿಗೂ ಹಾನಿಗೂ ಸಂಬಂಧ ಕಾಣುತ್ತಿರಲಿಲ್ಲ. ವಾದ ಬಲ ಕಳೆದುಕೊಂಡಿತು. ಕಂಪನಿಯ ಮ್ಯಾನೇಜರುಗಳು ಸ್ವಲ್ಪ ಸಮಯ ಕೇಳಿ ಫೋನಿನಿಂದ ಹೊರಗುಳಿದರು, ತಮ್ಮತಮ್ಮಲ್ಲೇ ಮಾತಾಡಿದರು. ತಿರುಗಿ ಫೋನಿಗೆ ಬಂದು ಹಾರಿಸಬಹುದು ಎಂದರು. ವಿರೋಧಿಸಿದ ಇಂಜಿನಿಯರುಗಳ ಕೈಯಲ್ಲಿ ಕೊನೆಯ ಮಾತು ಇರಲಿಲ್ಲ.

ಆಮೇಲೆ ನಡೆದ ತನಿಖೆಯಲ್ಲಿ ಹಾನಿಯಾಗದ ಹಾರಾಟಗಳನ್ನೂ ಪಕ್ಕಕ್ಕಿಟ್ಟು ನೋಡಿದರು. ಚಿತ್ರ ಪೂರ್ತಿ ಬದಲಾಯಿತು. ಸುಮಾರು 18 ಡಿಗ್ರಿಗಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ 3ರಲ್ಲಿ ಮಾತ್ರ ಹಾನಿ ಆಗಿತ್ತು. ಅದಕ್ಕಿಂತ ತಣ್ಣಗಿದ್ದ 4ರಲ್ಲಿ ನಾಲ್ಕಕ್ಕೂ ಆಗಿತ್ತು. ಬೇಕಾದ ಮಾಹಿತಿ ಅವರ ಹತ್ತಿರವೇ ಇತ್ತು. ತೊಂದರೆಯಾದ ಸಲದ ಲೆಕ್ಕವನ್ನು ಮಾತ್ರ ಮೇಜಿನ ಮೇಲಿಟ್ಟು, ತೊಂದರೆಯಾಗದ ಸಲದ ಲೆಕ್ಕವನ್ನು ಯಾರೂ ತೆಗೆದು ನೋಡಿರಲಿಲ್ಲ.

ಇದಕ್ಕಿಂತ ಆಳದ ಸಂಗತಿ ಇನ್ನೊಂದಿದೆ. ಆ ಬಳೆಗಳು ಸ್ವಲ್ಪವೂ ಸುಡಬಾರದು ಎಂಬುದು ಮೂಲ ವಿನ್ಯಾಸ. ಮೊದಲ ಸಲ ಸುಟ್ಟಾಗ ಎಲ್ಲರಿಗೂ ಆತಂಕವಾಯಿತು. ಆದರೆ ನೌಕೆ ಕ್ಷೇಮವಾಗಿ ಬಂದಿತ್ತು. ಇನ್ನೊಂದು ಸಲ ಸುಟ್ಟಿತು, ಆಗಲೂ ಕ್ಷೇಮವಾಗಿ ಬಂತು. ಹೀಗೆ ಬರುಬರುತ್ತಾ ಸ್ವಲ್ಪ ಸುಡುವುದು ಮಾಮೂಲಿ ಎಂದಾಯಿತು. ಈ ಪ್ರಕರಣವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್, ಲೋಪವೇ ಮೆಲ್ಲಗೆ ರೂಢಿಯಾಗಿ ಹೋಗುವ ಈ ಬಗೆಯನ್ನು ಎಳೆಎಳೆಯಾಗಿ ತೋರಿಸಿದ್ದಾರೆ. ಅವರ ಅಧ್ಯಯನದಲ್ಲಿ ನನ್ನನ್ನು ತುಂಬಾ ಕಾಡಿದ ಅಂಶವೆಂದರೆ, ಅಲ್ಲಿ ಯಾರೂ ದುಷ್ಟರಿರಲಿಲ್ಲ. ನಿಯಮ ಮುರಿಯಬೇಕೆಂದು ಹೊರಟವರೂ ಇರಲಿಲ್ಲ. ಪ್ರತಿ ಸಲ ಏನೂ ಆಗದಿದ್ದುದೇ ಅವರಿಗೆ ಧೈರ್ಯ ಕೊಡುತ್ತಾ ಹೋಯಿತು.

ನಮ್ಮ ಕೆಲಸಗಳಲ್ಲಿ ಇಂಥ ಸುಟ್ಟ ಬಳೆಗಳು ಎಷ್ಟಿರಬಹುದು? ವ್ಯವಹಾರದ ಮುಕ್ಕಾಲು ಆದಾಯ ಒಬ್ಬನೇ ಗ್ರಾಹಕನಿಂದ ಬರುತ್ತಿರುತ್ತದೆ. ಒಪ್ಪಂದವೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿರುತ್ತದೆ. ಎಲ್ಲ ಲೆಕ್ಕವೂ ಒಬ್ಬನೇ ನೌಕರನ ತಲೆಯಲ್ಲಿರುತ್ತದೆ. ಇಷ್ಟು ವರ್ಷ ನಡೆದಿದೆ, ಏನೂ ಆಗಿಲ್ಲ ಅನ್ನುತ್ತೇವೆ. ಅಪಾಯ ಇಲ್ಲದ್ದಕ್ಕೆ ಏನೂ ಆಗಿಲ್ಲವೋ, ಅಪಾಯ ಇದ್ದೂ ಈವರೆಗೆ ತಪ್ಪಿಸಿಕೊಂಡಿದ್ದೇವೋ ಎಂದು ಬೇರ್ಪಡಿಸಿ ನೋಡುವುದಿಲ್ಲ. ಸೋತಾಗ ಎಲ್ಲರೂ ಸಭೆ ಸೇರುತ್ತಾರೆ. ಗೆದ್ದಾಗಲೂ ಒಮ್ಮೆ ಕೂತು, ಈ ಸಲ ಎಲ್ಲಿ ಸ್ವಲ್ಪದರಲ್ಲಿ ಪಾರಾದೆವು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಅಂಥ ಸಭೆಗೆ ಬರಲು ಯಾರಿಗೂ ಭಯವಿರುವುದಿಲ್ಲ. ಹಾಗಾಗಿ ಮಾತು ಬಿಚ್ಚಿ ಬರುತ್ತದೆ.

ಬೈದಿದ್ದಕ್ಕೆ ಸರಿಹೋಯಿತೇ?

ಈಗ ಸೋಲಿನ ಕಡೆ ಬರೋಣ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಒಮ್ಮೆ ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಕಲಿಯುವವರನ್ನು ಶಿಕ್ಷಿಸುವುದಕ್ಕಿಂತ ಹೊಗಳುವುದರಿಂದ ಹೆಚ್ಚು ಉಪಯೋಗ ಎಂದು ಹೇಳಿದರು. ಅನುಭವಿ ತರಬೇತುದಾರರೊಬ್ಬರು ಎದ್ದು ನಿಂತು ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ, ಇದು ನಾನು ಕಣ್ಣಾರೆ ಕಂಡದ್ದು ಎಂದರು.

ಅವರು ಕಂಡದ್ದು ಸುಳ್ಳಲ್ಲ. ಅದರಿಂದ ಎತ್ತಿಕೊಂಡ ಪಾಠ ತಪ್ಪಾಗಿತ್ತು. ಯಾರ ಕೆಲಸದಲ್ಲೂ ಎರಡು ಪಾಲು ಇರುತ್ತದೆ: ಕೌಶಲ ಒಂದು, ಆ ದಿನದ ಅದೃಷ್ಟ ಇನ್ನೊಂದು. ಯಾವತ್ತೋ ತುಂಬಾ ಚೆನ್ನಾಗಿ ಆಯಿತು ಅಂದರೆ ಅವತ್ತು ಅದೃಷ್ಟವೂ ಕೈ ಹಿಡಿದಿರುತ್ತದೆ. ಮಾರನೆಯ ದಿನವೂ ಅಷ್ಟೇ ಅದೃಷ್ಟ ಇರುವುದು ಕಷ್ಟ. ಹಾಗಾಗಿ ಕೆಲಸ ಸ್ವಲ್ಪ ಇಳಿಯುತ್ತದೆ. ತುಂಬಾ ಕೆಟ್ಟದಾಗಿ ಆದ ದಿನದ ಮಾರನೆಯ ದಿನ ಹಾಗೆಯೇ ಸ್ವಲ್ಪ ಏರುತ್ತದೆ. ನೀವು ಹೊಗಳಿ, ಬೈಯಿರಿ, ಸುಮ್ಮನಿರಿ, ಇದು ನಡೆದೇ ನಡೆಯುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ, ಬೈಗುಳಕ್ಕೂ ಸುಧಾರಣೆಗೂ ಹೊಂದಿಕೆಯಾಗಿತ್ತು. ಕಾನೆಮನ್ ಅಲ್ಲೇ ಅದನ್ನು ತೋರಿಸಿಕೊಟ್ಟರು. ಪ್ರತಿಯೊಬ್ಬರಿಗೂ ಬೆನ್ನ ಹಿಂದೆ ಇರುವ ಗುರಿಯತ್ತ, ತಿರುಗಿ ನೋಡದೆ, ಎರಡೆರಡು ನಾಣ್ಯ ಎಸೆಯಲು ಹೇಳಿದರು. ಮೊದಲ ಸಲ ಗುರಿಗೆ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ದೂರ ಎಸೆದರು. ದೂರ ಎಸೆದವರು ಹತ್ತಿರ ಬಂದರು. ನಾಣ್ಯಗಳನ್ನು ಯಾರೂ ಬೈದಿರಲಿಲ್ಲ.

ಸೋಲಿನ ಬಗ್ಗೆ ನನಗೆ ಗೊತ್ತಿರುವ ಅತ್ಯಂತ ಉಪಯುಕ್ತ ಸಂಗತಿ ಇದು. ವ್ಯಾಪಾರದಲ್ಲಿ ತೀರಾ ಕೆಟ್ಟ ತಿಂಗಳೊಂದು ಬರುತ್ತದೆ. ಗಾಬರಿಯಾಗಿ ಮ್ಯಾನೇಜರನ್ನು ಬದಲಿಸುತ್ತಾರೆ, ಬೆಲೆ ಇಳಿಸುತ್ತಾರೆ, ಹೊಸ ನಿಯಮ ತರುತ್ತಾರೆ. ಮುಂದಿನ ತಿಂಗಳು ಸ್ವಲ್ಪ ಸುಧಾರಿಸುತ್ತದೆ. ಬದಲಾವಣೆ ಮಾಡಿದ್ದಕ್ಕೇ ಸರಿಹೋಯಿತು ಎಂದು ನಂಬುತ್ತಾರೆ. ಏನೂ ಮಾಡದಿದ್ದರೂ ಸುಧಾರಿಸುತ್ತಿತ್ತೇನೋ. ಪರೀಕ್ಷೆಯಲ್ಲಿ ಮಗು ಕಡಿಮೆ ಅಂಕ ತಂದಾಗ ಹೊಡೆದು, ಮುಂದಿನ ಸಲ ಜಾಸ್ತಿ ಬಂದರೆ ಹೊಡೆತದ ಗುಣ ಎಂದುಕೊಳ್ಳುವ ತಂದೆ-ತಾಯಿಯೂ ಬೀಳುವುದು ಇದೇ ಬಲೆಗೆ. ಇಲ್ಲಿ ತಪ್ಪು ತಿಳಿವಳಿಕೆಯ ಬೆಲೆ ತೆರುವುದು ಮಗು. ಅದಕ್ಕೇ ಇದು ನನಗೆ ಬರೀ ಲೆಕ್ಕದ ವಿಷಯವಾಗಿ ಕಾಣುವುದಿಲ್ಲ.

ಹಾಗಾದರೆ ಸೋಲು ಬಂದಾಗ ಮೊದಲು ಏನು ಕೇಳಿಕೊಳ್ಳಬೇಕು? ಇದು ಮಾಮೂಲಿ ಏರಿಳಿತವೋ, ಇಲ್ಲ ನಿಜವಾಗಿಯೂ ಏನಾದರೂ ಬದಲಾಗಿದೆಯೋ? ಹಿಂದಿನ ಎರಡು ಮೂರು ವರ್ಷಗಳಲ್ಲಿ ಇಂಥ ತಿಂಗಳು ಬಂದಿತ್ತೇ? ನಾನು ಲೆಕ್ಕ ಹಾಕುವಾಗ ಇಷ್ಟರ ಮಟ್ಟಿನ ನಷ್ಟ ಸಾಧ್ಯ ಎಂದುಕೊಂಡಿದ್ದೆನೇ? ಹೌದಾದರೆ ತಡೆದುಕೊಳ್ಳುವುದೇ ಸರಿ. ಲೆಕ್ಕದಲ್ಲೇ ಇಲ್ಲದ್ದು ಆಗಿದ್ದರೆ ಆಗ ಕೂತು ಯೋಚಿಸಬೇಕು.

ಆದರೆ ಅಂದು ನಾನು ಏನು ಅಂದುಕೊಂಡಿದ್ದೆ ಎಂಬುದು ನೆನಪಿರುತ್ತದೆಯೇ? ಇರುವುದಿಲ್ಲ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಸೋವಿಯತ್ ಒಕ್ಕೂಟಕ್ಕೂ ಹೋಗುವವರಿದ್ದರು. ಅಲ್ಲಿ ಏನೇನು ನಡೆಯುವ ಸಾಧ್ಯತೆ ಎಷ್ಟೆಷ್ಟು ಎಂದು ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ಮೊದಲೇ ಕೆಲವರಿಂದ ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ, ನೀವು ಅಂದು ಏನು ಬರೆದಿದ್ದಿರಿ ನೆನಪಿಸಿಕೊಳ್ಳಿ ಎಂದರು. ನಡೆದ ಘಟನೆಗಳಿಗೆ ತಾವು ಹೆಚ್ಚು ಸಾಧ್ಯತೆ ಕೊಟ್ಟಿದ್ದೆವು ಎಂದು ಅವರಿಗೆ ನೆನಪಾಯಿತು. ಕಾಗದದಲ್ಲಿ ಇದ್ದದ್ದು ಅದಕ್ಕಿಂತ ಕಡಿಮೆ. ಇದು ಮೋಸವಲ್ಲ. ನಡೆದದ್ದು ಗೊತ್ತಾದ ಕೂಡಲೇ ಮನಸ್ಸು ಹಳೆಯ ಯೋಚನೆಯನ್ನು ತಿದ್ದಿ ಬರೆದುಬಿಡುತ್ತದೆ. ನನಗೆ ಮೊದಲೇ ಗೊತ್ತಿತ್ತು ಎಂದು ಎಲ್ಲರೂ ಮನಃಪೂರ್ವಕವಾಗಿಯೇ ಹೇಳುತ್ತಾರೆ.

ಅದಕ್ಕೇ ದೊಡ್ಡ ನಿರ್ಧಾರಗಳನ್ನು ಬರೆದಿಡುವುದು. ನಾನು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಏನು ನಿರ್ಧರಿಸಿದೆ, ಯಾಕೆ, ಇನ್ಯಾವ ದಾರಿಗಳಿದ್ದವು, ಏನಾಗಬಹುದು ಎಂದುಕೊಂಡಿದ್ದೇನೆ, ಯಾವುದು ನಡೆದರೆ ನನ್ನ ಯೋಚನೆ ತಪ್ಪು ಎಂದು ಒಪ್ಪಿಕೊಳ್ಳುತ್ತೇನೆ, ಅವತ್ತು ಮನಸ್ಸು ಹೇಗಿತ್ತು, ಇಷ್ಟನ್ನು ಅರ್ಧ ಪುಟದಲ್ಲಿ ತಾರೀಖು ಹಾಕಿ ಬರೆಯುತ್ತೇನೆ. ಆರು ತಿಂಗಳ ನಂತರ ಓದಿದರೆ ತುಂಬಾ ಕಲಿಯಲು ಸಿಗುತ್ತದೆ. ಚೆನ್ನಾಗಿ ಮುಗಿದ ಕೆಲಸಗಳಲ್ಲೂ ನಾನು ಕೊಟ್ಟಿದ್ದ ಕಾರಣವೇ ತಪ್ಪಾಗಿದ್ದನ್ನು ಅದರಲ್ಲಿ ಕಂಡಿದ್ದೇನೆ.

ಹೊಸಬನೊಬ್ಬ ಬಂದರೆ

ಎಲ್ಲ ಸೋಲೂ ಏರಿಳಿತವಲ್ಲ. ಕೆಲವು ಸಲ ನಿಜಕ್ಕೂ ಕಾಲ ಬದಲಾಗಿರುತ್ತದೆ. ಆಗ ತಡೆದುಕೊಂಡು ಕೂರುವುದೇ ತಪ್ಪು.

ಇಂಟೆಲ್ ಕಂಪನಿ 1968ರಲ್ಲಿ ಶುರುವಾಗಿದ್ದು ಕಂಪ್ಯೂಟರಿನ ಮೆಮೊರಿ ಚಿಪ್ ಮಾಡಲು. ಅದರಲ್ಲೇ ಹೆಸರು ಮಾಡಿತು. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಒಳ್ಳೆಯ ಗುಣಮಟ್ಟದ ಮೆಮೊರಿಯನ್ನು ಕಡಿಮೆ ಬೆಲೆಗೆ ಕೊಡತೊಡಗಿದವು. ಇಂಟೆಲ್ ಆ ವ್ಯವಹಾರದಲ್ಲಿ ಹಣ ಕಳೆದುಕೊಳ್ಳುತ್ತಾ ಹೋಯಿತು. ಚರ್ಚೆಗಳು ನಡೆದೇ ನಡೆದವು, ತೀರ್ಮಾನ ಮಾತ್ರ ಆಗಲಿಲ್ಲ. ಮೆಮೊರಿ ಬಿಟ್ಟರೆ ಇಂಟೆಲ್ ಅಂದರೆ ಏನು ಎಂಬುದೇ ಅವರಿಗೆ ತೋಚುತ್ತಿರಲಿಲ್ಲ.

1985ರಲ್ಲಿ ಒಂದು ದಿನ ಆಗ ಇಂಟೆಲ್ ಅಧ್ಯಕ್ಷರಾಗಿದ್ದ ಆಂಡಿ ಗ್ರೋವ್, ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಗಾರ್ಡನ್ ಮೂರ್ ಜೊತೆ ಕೂತಿದ್ದರು. ನಮ್ಮನ್ನು ಹೊರಗೆ ಹಾಕಿ ಹೊಸ ಮುಖ್ಯಸ್ಥನನ್ನು ತಂದರೆ ಅವನು ಏನು ಮಾಡುತ್ತಾನೆ ಎಂದು ಗ್ರೋವ್ ಕೇಳಿದರು. ಮೆಮೊರಿ ವ್ಯವಹಾರ ಬಿಡುತ್ತಾನೆ ಎಂದು ಮೂರ್ ತಡಮಾಡದೆ ಹೇಳಿದರು. ಹಾಗಾದರೆ ನಾವೇ ಈ ಬಾಗಿಲಿನಿಂದ ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಅದನ್ನು ಮಾಡಬಾರದೇಕೆ ಎಂದರು ಗ್ರೋವ್. ಕೊನೆಗೆ ಹಾಗೆಯೇ ಮಾಡಿದರು. ಕಾರ್ಖಾನೆಗಳು ಮುಚ್ಚಿದವು, ಸಾವಿರಾರು ಜನ ಕೆಲಸ ಕಳೆದುಕೊಂಡರು. 1986ರಲ್ಲಿ ಕಂಪನಿ ನಷ್ಟ ತೋರಿಸಿತು. ಆದರೆ ಕಂಪ್ಯೂಟರಿನ ಮಿದುಳಿನಂಥ ಚಿಪ್ ಆದ ಮೈಕ್ರೊಪ್ರೊಸೆಸರ್ ಕಡೆಗೆ ಪೂರ್ತಿ ತಿರುಗಿಕೊಂಡು 1992ರ ಹೊತ್ತಿಗೆ ಜಗತ್ತಿನ ಅತಿ ದೊಡ್ಡ ಚಿಪ್ ಕಂಪನಿಯಾಯಿತು.

ಈ ಕಥೆಯನ್ನು ಧೈರ್ಯದ ಕಥೆ ಎಂದು ಹೇಳುವವರು ತುಂಬಾ ಜನ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ಪ್ರಶ್ನೆ. ಉತ್ತರ ಇಬ್ಬರಿಗೂ ಮೊದಲೇ ಗೊತ್ತಿತ್ತು. ಬಾಯಿಗೆ ಬರದಂತೆ ತಡೆದಿದ್ದು ಅದರ ಜೊತೆ ಕಳೆದ ವರ್ಷಗಳು. ಹೊಸಬನಿಗೆ ಆ ಭಾರ ಇರುವುದಿಲ್ಲ. ಇಲ್ಲಿಯವರೆಗೆ ಹಾಕಿದ ಹಣ, ಶ್ರಮ, ಪ್ರೀತಿ ಯಾವುದೂ ಅವನದಲ್ಲ. ಅವನು ಮುಂದಿನದನ್ನು ಮಾತ್ರ ನೋಡುತ್ತಾನೆ.

ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸಂತೋಷಕ್ಕಿಂತ ಜಾಸ್ತಿ ಇರುತ್ತದೆ ಎಂದು ಕಾನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ 1979ರಲ್ಲೇ ತೋರಿಸಿದ್ದರು. ಹಾಗಾಗಿ ಕೈಬಿಡುವುದು ಲೆಕ್ಕದಲ್ಲಿ ಸರಿಯಾಗಿದ್ದರೂ ಮನಸ್ಸಿಗೆ ಹಿಂಸೆ. ಇಷ್ಟವಿಲ್ಲದ ಓದನ್ನು ಮೂರನೆಯ ವರ್ಷದಲ್ಲಿ ಬಿಡಲಾಗದೆ ಒದ್ದಾಡುವವರು, ಹೊಂದದ ಕೆಲಸದಲ್ಲಿ ಹತ್ತು ವರ್ಷ ಕಳೆದವರು ಎಲ್ಲರೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬಹುದು: ಇವತ್ತೇ ಹೊಸದಾಗಿ ಈ ಜಾಗಕ್ಕೆ ಬಂದಿದ್ದರೆ ನಾನು ಇದನ್ನು ಆರಿಸಿಕೊಳ್ಳುತ್ತಿದ್ದೆನೇ? ಉತ್ತರ ಹೌದು ಎಂದೂ ಬರಬಹುದು. ಬಂದರೆ ಇನ್ನಷ್ಟು ಗಟ್ಟಿ ಮನಸ್ಸಿನಿಂದ ಮುಂದುವರಿಯಬಹುದು.

ಇದರ ಪಕ್ಕದಲ್ಲೇ ಒಂದು ಸಣ್ಣ ಮಾತು. ಎಲ್ಲ ನಿರ್ಧಾರಕ್ಕೂ ಇಷ್ಟು ಅಳೆದು ಸುರಿದು ನೋಡಬೇಕಿಲ್ಲ. ತಪ್ಪಾದರೆ ವಾಪಸ್ ಬರಬಹುದಾದ ದಾರಿಯಾಗಿದ್ದರೆ ಬೇಗ ನಿರ್ಧರಿಸಿ, ಮಾಡಿ ನೋಡಿ. ವಾಪಸ್ ಬರಲಾಗದ್ದಕ್ಕೆ ಮಾತ್ರ ಸಮಯ ಕೊಡಿ.

ಕೋಣೆಯಲ್ಲಿ ಸುಮ್ಮನಿದ್ದವರು

ನಾಯಕತ್ವದ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಫಲವೇ ಎಲ್ಲ ಎಂದುಕೊಂಡರೆ, ಸರಿಯಾದ ಉತ್ತರ ಗೊತ್ತಿರುವವನೇ ನಾಯಕ. ಹೇಗೆ ನಿರ್ಧರಿಸಿದೆವು ಎಂಬುದು ಮುಖ್ಯ ಎಂದುಕೊಂಡರೆ, ಆ ಬಗೆಯನ್ನು ಕಾಯುವವನು ನಾಯಕ. ಎರಡೂ ತುಂಬಾ ಬೇರೆ ಕೆಲಸ.

1961ರ ಏಪ್ರಿಲ್‌ನಲ್ಲಿ ಅಮೆರಿಕದ ಬೆಂಬಲದಿಂದ ಸುಮಾರು 1,400 ಕ್ಯೂಬನ್ ನಿರಾಶ್ರಿತರು ಕ್ಯೂಬಾದ ಬೇ ಆಫ್ ಪಿಗ್ಸ್ ತೀರಕ್ಕೆ ಇಳಿದರು. ಫಿಡೆಲ್ ಕ್ಯಾಸ್ಟ್ರೋ ಸರ್ಕಾರವನ್ನು ಉರುಳಿಸುವುದು ಉದ್ದೇಶ. ಮೂರೇ ದಿನದಲ್ಲಿ ಎಲ್ಲ ಮುಗಿಯಿತು. ಬಹುಪಾಲು ಜನ ಸೆರೆಯಾದರು. ಅಧ್ಯಕ್ಷ ಕೆನಡಿ ಅಧಿಕಾರಕ್ಕೆ ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಅವರ ಸುತ್ತ ದೇಶದ ಬುದ್ಧಿವಂತರೇ ಇದ್ದರು. ಅವರಲ್ಲೊಬ್ಬರು ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್. ಈ ಯೋಜನೆ ಬೇಡ ಎಂದು ಅವರು ಅಧ್ಯಕ್ಷರಿಗೆ ಬರೆದು ಕೊಟ್ಟಿದ್ದರು. ಆದರೆ ಸಭೆಗಳಲ್ಲಿ ಒಂದೆರಡು ಅಳುಕಿನ ಪ್ರಶ್ನೆ ಕೇಳಿದ್ದು ಬಿಟ್ಟರೆ ಸುಮ್ಮನಿದ್ದರು. ಆ ಮೌನಕ್ಕಾಗಿ ಆಮೇಲೆ ತಮ್ಮನ್ನು ತಾವೇ ದೂರಿಕೊಂಡರು.

ಕೆನಡಿ ಹೊಣೆಯನ್ನು ಬಹಿರಂಗವಾಗಿ ತಾವೇ ಹೊತ್ತರು. ಅದು ದೊಡ್ಡ ಗುಣ. ಆದರೆ ಅದಕ್ಕಿಂತ ದೊಡ್ಡ ಕೆಲಸ ಆಮೇಲೆ ಮಾಡಿದರು. ನಿರ್ಧಾರ ಮಾಡುವ ರೀತಿಯನ್ನೇ ಬದಲಿಸಿದರು.

1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿ ಇಟ್ಟಿದೆ ಎಂದು ಗೊತ್ತಾಯಿತು. ಕೋಣೆಯಲ್ಲಿದ್ದವರಲ್ಲಿ ಹಲವರು ಹಿಂದಿನ ಸಲದವರೇ. ಮೊದಲ ದಿನ ಒಲವು ಇದ್ದದ್ದು ವಿಮಾನದಾಳಿಯ ಕಡೆಗೆ. ಹಿಂದಿನ ಹಾಗೇ ನಡೆದಿದ್ದರೆ ಅಲ್ಲಿಗೇ ತೀರ್ಮಾನ ಆಗಿಬಿಡುತ್ತಿತ್ತು. ಈ ಸಲ ಹಾಗಾಗಲಿಲ್ಲ. ಜನರನ್ನು ಗುಂಪು ಮಾಡಿ ಬೇರೆಬೇರೆ ದಾರಿಗಳ ಬಗ್ಗೆ ಬರೆಯಲು ಹೇಳಿದರು. ಒಂದು ಗುಂಪು ಬರೆದದ್ದನ್ನು ಇನ್ನೊಂದು ಗುಂಪು ಓದಿ ತಪ್ಪು ಹುಡುಕಿತು. ಸೋವಿಯತ್ ನಾಯಕರನ್ನು ಹತ್ತಿರದಿಂದ ಬಲ್ಲ ರಾಜತಾಂತ್ರಿಕ ಲೆವೆಲಿನ್ ಥಾಂಪ್ಸನ್ ಅವರನ್ನು ಚರ್ಚೆಯಲ್ಲಿ ಕೂರಿಸಿಕೊಂಡರು. ಕೆನಡಿ ಕೆಲವು ಸಭೆಗಳಿಗೆ ಬೇಕೆಂದೇ ಹೋಗಲಿಲ್ಲ. ಅಧ್ಯಕ್ಷರು ಎದುರಿಗಿದ್ದರೆ ಜನ ಅವರ ಮುಖ ನೋಡಿ ಮಾತಾಡುತ್ತಾರೆ. ಕೊನೆಗೆ ದಾಳಿಯ ಬದಲು ಸಮುದ್ರದಲ್ಲಿ ಹಡಗುಗಳನ್ನು ತಡೆಯುವ ದಾರಿ ಆರಿಸಿಕೊಂಡರು. ಒಟ್ಟು 13 ದಿನಗಳಲ್ಲಿ ಬಿಕ್ಕಟ್ಟು ತಿಳಿಯಾಯಿತು.

ಇದನ್ನೂ ಫಲದಿಂದ ಮಾತ್ರ ಅಳೆಯಬಾರದು. ಆ ದಿನಗಳಲ್ಲಿ ಅಮೆರಿಕದ ನೌಕಾಪಡೆ ಒಂದು ಸೋವಿಯತ್ ಜಲಾಂತರ್ಗಾಮಿಯನ್ನು ಮೇಲೆ ಬರಿಸಲು ನೀರಿನೊಳಗೆ ಸಣ್ಣ ಸ್ಫೋಟಕ ಹಾಕಿತ್ತು. ಅದರೊಳಗೆ ಅಣ್ವಸ್ತ್ರವಿದ್ದ ಟಾರ್ಪಿಡೊ ಇತ್ತೆಂಬುದು ಅಮೆರಿಕದವರಿಗೆ ಗೊತ್ತೇ ಇರಲಿಲ್ಲ. ನಿರ್ಧಾರ ಚೆನ್ನಾಗಿತ್ತು, ಅದೃಷ್ಟವೂ ಬೇಕಾಯಿತು.

ಮಾತಾಡುವ ಧೈರ್ಯ ಜನರಿಗೆ ತಾನಾಗಿ ಬರುವುದಿಲ್ಲ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದು ಅವರು ಅಂದುಕೊಂಡಿದ್ದರು. ಅಂಕಿಗಳು ಉಲ್ಟಾ ಬಂದವು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಹತ್ತಿರ ಹೋಗಿ ನೋಡಿದಾಗ ಕಾರಣ ತಿಳಿಯಿತು. ಆ ತಂಡಗಳಲ್ಲಿ ತಪ್ಪನ್ನು ಬಚ್ಚಿಡುತ್ತಿರಲಿಲ್ಲ, ಬಾಯಿಬಿಟ್ಟು ಹೇಳುತ್ತಿದ್ದರು. ನಿಮ್ಮ ಕಿವಿಗೆ ಕೆಟ್ಟ ಸುದ್ದಿಯೇ ಬೀಳುತ್ತಿಲ್ಲ ಎಂದರೆ ಸಂತೋಷಪಡುವ ಮೊದಲು ಇದನ್ನು ನೆನೆಯಿರಿ.

ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಇದಕ್ಕೊಂದು ಸರಳ ದಾರಿ ಹೇಳುತ್ತಾರೆ. ಯೋಜನೆ ಶುರುವಾಗುವ ಮೊದಲೇ ಎಲ್ಲರನ್ನೂ ಕೂರಿಸಿ, ಒಂದು ವರ್ಷ ಕಳೆದಿದೆ, ನಮ್ಮ ಯೋಜನೆ ನೆಲಕಚ್ಚಿದೆ ಎಂದುಕೊಳ್ಳಿ, ಯಾಕೆ ಹೀಗಾಯಿತು ಬರೆಯಿರಿ ಎನ್ನುವುದು. ಏನಾದರೂ ತೊಂದರೆ ಇದೆಯೇ ಎಂದು ಕೇಳಿದರೆ ಸಭೆ ಸುಮ್ಮನಿರುತ್ತದೆ. ಸೋತಾಗಿದೆ, ಕಾರಣ ಹೇಳಿ ಎಂದರೆ ತೊಂದರೆ ಹೇಳುವುದೇ ಕೆಲಸವಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ಕೊಳ್ಳೆ ಹೋಯಿತೆಂದು ಊಹಿಸಿಕೊಂಡು ಈಗಲೇ ಬಾಗಿಲು ನೋಡಿಬರುವುದು.

ಕೊನೆಯದಾಗಿ ಒಂದು ವಿಮಾನದ ಕಥೆ. 1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದು ಇಂಧನ ಮುಗಿದು ಬಿತ್ತು. 10 ಜನ ಸತ್ತರು. ಕ್ಯಾಪ್ಟನ್ ಚಕ್ರದ ತೊಂದರೆಯಲ್ಲಿ ಮುಳುಗಿಹೋಗಿದ್ದರು. ಇಂಧನ ಇಳಿಯುತ್ತಿರುವುದು ಜೊತೆಯವರಿಗೆ ಗೊತ್ತಿತ್ತು. ಅವರು ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಇಂಥ ಅಪಘಾತಗಳ ನಂತರ ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಾತಾಡುವುದನ್ನು, ಕ್ಯಾಪ್ಟನ್ ಕೇಳಿಸಿಕೊಳ್ಳುವುದನ್ನು ತರಬೇತಿಯಾಗಿ ಕಲಿಸತೊಡಗಿದರು.

1989ರ ಜುಲೈ 19ರಂದು ಅದೇ ಸಂಸ್ಥೆಯ 232ನೇ ವಿಮಾನದ ಬಾಲದ ಇಂಜಿನ್ ಆಕಾಶದಲ್ಲಿ ಸಿಡಿಯಿತು. ವಿಮಾನವನ್ನು ತಿರುಗಿಸುವ, ಏರಿಸುವ, ಇಳಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆ ಒಟ್ಟಿಗೆ ಕೆಟ್ಟವು. ಇಂಥದ್ದಕ್ಕೆ ಯಾವ ಕೈಪಿಡಿಯಲ್ಲೂ ಉತ್ತರವಿರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್ ಎಲ್ಲವನ್ನೂ ತಾವೇ ಮಾಡಲು ಹೋಗಲಿಲ್ಲ. ಪ್ರಯಾಣಿಕರಾಗಿ ಬಂದಿದ್ದ ಪೈಲಟ್ ತರಬೇತುದಾರ ಡೆನಿಸ್ ಫಿಚ್ ಸಹಾಯಕ್ಕೆ ಬರುತ್ತೇನೆ ಎಂದಾಗ ಒಳಗೆ ಕರೆದು ಇಂಜಿನ್ನುಗಳ ವೇಗ ನಿಯಂತ್ರಿಸುವ ಹಿಡಿಗಳನ್ನೇ ಅವರ ಕೈಗೆ ಕೊಟ್ಟರು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಸೇರಿ, ಉಳಿದ ಎರಡು ಇಂಜಿನ್ನುಗಳ ವೇಗ ಏರಿಸಿ ಇಳಿಸಿ, ಸುಮಾರು 44 ನಿಮಿಷ ಹೆಣಗಿ ವಿಮಾನವನ್ನು ಸೂ ಸಿಟಿಯ ನಿಲ್ದಾಣಕ್ಕೆ ತಂದರು. ಇಳಿಯುವಾಗ ವಿಮಾನ ಮುರಿದು ಹೊತ್ತಿಕೊಂಡಿತು. ಒಳಗಿದ್ದ 296 ಜನರಲ್ಲಿ 112 ಜನ ಸತ್ತರು. 184 ಜನ ಬದುಕಿದರು. ಆಮೇಲೆ ಸಿಮ್ಯುಲೇಟರ್‌ನಲ್ಲಿ ಅದೇ ಸ್ಥಿತಿ ಇಟ್ಟು ಪೈಲಟ್‌ಗಳಿಂದ ಮಾಡಿಸಿ ನೋಡಿದರು. ಸುರಕ್ಷಿತವಾಗಿ ಇಳಿಸಲು ಆಗಲಿಲ್ಲ.

112 ಸಾವನ್ನು ಗೆಲುವು ಎಂದು ಕರೆಯಲು ಹೇನ್ಸ್ ಅವರಿಗೆ ಮನಸ್ಸು ಬರಲಿಲ್ಲ. ಅದರ ನೋವು ಅವರ ಜೊತೆಗೇ ಇತ್ತು. ಆದರೂ ಅವರು ಊರೂರಿಗೆ ಹೋಗಿ ಆ ದಿನದ ಬಗ್ಗೆ ಮಾತಾಡಿದರು. ಅಷ್ಟು ಜನ ಉಳಿಯಲು ಐದು ಕಾರಣ ಹೇಳುತ್ತಿದ್ದರು. ಒಬ್ಬರಿಗೊಬ್ಬರು ಮಾತಾಡಿಕೊಂಡದ್ದು, ಮೊದಲೇ ಮಾಡಿದ್ದ ತಯಾರಿ, ಕೆಲಸ ಮಾಡಿದ ರೀತಿ, ಸಹಕಾರ ಇವು ನಾಲ್ಕು. ಇವೆಲ್ಲಕ್ಕಿಂತ ಮೊದಲು ಅವರು ಹೇಳುತ್ತಿದ್ದದ್ದು ಅದೃಷ್ಟ. ಅವತ್ತು ಹಗಲಾಗಿತ್ತು, ಆಕಾಶ ತಿಳಿಯಾಗಿತ್ತು. ನಿಲ್ದಾಣದಲ್ಲಿ ನ್ಯಾಷನಲ್ ಗಾರ್ಡ್ ಎಂಬ ಮೀಸಲು ಪಡೆಯವರು ಕೆಲಸದಲ್ಲಿದ್ದರು. ಊರಿನ ಆಸ್ಪತ್ರೆಗಳಲ್ಲಿ ಆಗಷ್ಟೇ ಪಾಳಿ ಬದಲಾಗುತ್ತಿತ್ತು. ಎರಡೂ ಪಾಳಿಯವರು ಅಲ್ಲೇ ಇದ್ದರು.